ತುದಿಮನೆಯ ನೀರು

ಮನೆಯಿಂದ,
ಮೇ ೧೮, ಭಾನುವಾರ, ಬೆಳಗಿನ ಟೀ ಆದ ಮೇಲೆ

ನನ್ನ ಪ್ರೀತಿಯ ಸೊಸೆಗೆ ಮಾವನ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಹಾಸ್ಟೆಲ್ಲಿನ ಊಟ ಈಗಲಾದರೂ ಒಗ್ಗಿತೇ? ಉಜ್ಜುವ ಮೆಷಿನ್ನಿಗೆ ತಾಗಿ ಬೆರಳು ತರಚಿತು ಎಂದು ಬರೆದಿದ್ದೆಯಲ್ಲ, ಅದು ಮಾಯಿತೇ? ಹುಷಾರಾಗಿರು. ಕಾಲಿಲ್ಲದವರಿಗೆ ಕೃತಕ ಕಾಲು ಮಾಡುವುದನ್ನು ಕಲಿಯಲು ಹೋದವಳು ತನ್ನ ಕೈಯನ್ನು ಅಲ್ಲೇ ಬಿಟ್ಟು ಬಂದಳು ಎಂದು ಜನ ಆಡಿಕೊಳ್ಳುವಂತಾಗಬಾರದು. ನನ್ನ ಆರೋಗ್ಯ ಪರವಾಗಿಲ್ಲ. ಮಹಡಿ ಮೆಟ್ಟಿಲು ಹತ್ತುವಾಗ ಎಡಮಂಡಿ ಕಟಕಟ ಅನ್ನುತ್ತದೆ, ಇಳಿಯುವಾಗ ಬಲಮಂಡಿ ಅದಕ್ಕೆ ಉತ್ತರ ಕೊಡುತ್ತದೆ. ಬಿಪಿ ಹತೋಟಿಯಲ್ಲಿದೆ. ನಿನ್ನ ಗಂಡ ವಾರಕ್ಕೊಮ್ಮೆ ತಾನು ಕೆಲಸಕ್ಕಿರುವ ಔಷಧಿ ಅಂಗಡಿಯಿಂದ ಮೆಷಿನ್ನು ತಂದು ನನ್ನ ತೋಳಿಗೆ ಪಟ್ಟಿ ಕಟ್ಟುತ್ತಾನೆ, ಗಾಳಿ ತುಂಬುತ್ತಾನೆ, ಬಂದ ಅಂಕಿಯನ್ನು ಕ್ಯಾಲೆಂಡರಿನ ಮೇಲೆ ಬರೆಯುತ್ತಾನೆ, ಪಟ್ಟಿ ಬಿಚ್ಚಿಕೊಂಡು ಹೋಗುತ್ತಾನೆ. ನೀನು ಹೋದ ಮೇಲೆ ಎಷ್ಟೋ ವಾರ ಇದೆಲ್ಲ ಬಾಯಿ ಬಿಡದೆ ನಡೆಯಿತು. ಅವನೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಹಾಗಿದ್ದೂ ಬಿಪಿ ಏರದೆ ಉಳಿದದ್ದು ನನಗೇ ಆಶ್ಚರ್ಯ. ಈಚೆಗೆ ಒಂದೊಂದು ಮಾತು ಉದುರುತ್ತದೆ, ಅದರ ಕತೆ ಮುಂದೆ ಬರುತ್ತದೆ.

ನಿನ್ನ ಕಾಗದ ಗುರುವಾರ ಬಂತು. ಅದರ ಕೊನೆಯ ಸಾಲುಗಳನ್ನು ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ಓದಿದೆ. "ಇವರು ಫೋನಲ್ಲಿ ಹೂಂ, ಸರಿ, ಇಡ್ಲಾ ಅಂತಾರೆ, ಅಷ್ಟೇ. ಮನೇಲಿ ಏನೋ ಸರಿಯಿಲ್ಲ ಅನ್ಸುತ್ತೆ ಮಾವ. ಕಲಿತಿದ್ದು ಸಾಕು ಅಂತ ಬಿಟ್ಟು ಬಂದುಬಿಡ್ಲಾ?" ಅರ್ಧ ಕಾಲು ಮಾಡಲು ಕಲಿತವಳನ್ನು ಯಾವ ಆಸ್ಪತ್ರೆ ಕೆಲಸಕ್ಕೆ ಕರೆಯುತ್ತದೆ ತಾಯಿ? ಆದರೂ ಇದು ದಡಬಡ ಉತ್ತರ ಕೊಡುವ ಪ್ರಶ್ನೆಯಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿನ್ನ ಟೊಮೇಟೊ ಗಿಡಗಳ ವಿಷಯ ಹೇಳಿ ನನ್ನ ಹೊಟ್ಟೆಯುರಿ ಕಳೆದುಕೊಳ್ಳಬೇಕು. ಫೋನಿನಲ್ಲೇ ಹೇಳಬಹುದಿತ್ತಲ್ಲ ಅನ್ನಬೇಡ. ನಮ್ಮ ಮನೆ ನಿನಗೆ ಗೊತ್ತೇ ಇದೆ, ಅಡುಗೆಮನೆಯಲ್ಲಿ ಚಮಚ ಬಿದ್ದರೆ ಬಚ್ಚಲಲ್ಲಿ ಕೇಳಿಸುತ್ತದೆ. ನನಗೋ ಕಿವಿ ಮಂದ, ನಾನು ಗುಟ್ಟು ಹೇಳಲು ಹೋದರೆ ಎದುರಿನ ಸೈಕಲ್ ಅಂಗಡಿಯವನೂ ತಲೆಯಾಡಿಸುತ್ತಾನೆ. ನೀನು ಫೋನು ಮಾಡಿದಾಗಲೆಲ್ಲ ನಾನು "ಗಿಡ ಚೆನ್ನಾಗಿದೆ, ಕಾಯಿ ಚೆನ್ನಾಗಿದೆ, ನಾವೂ ಚೆನ್ನಾಗಿದ್ದೀವಿ" ಎನ್ನುತ್ತಿದ್ದೆನಲ್ಲ, ಆ ಮೂರರಲ್ಲಿ ಮೊದಲನೆಯದು ಮಾತ್ರ ನಿಜ.

ಗಿಡಕ್ಕೆ ನಿಜಕ್ಕೂ ಏನೂ ಬಂದಿಲ್ಲ. ನೀನು ಹಳೆಯ ಪೇಂಟ್ ಬಕೆಟ್ಟುಗಳ ತಳಕ್ಕೆ ತೂತು ಹೊಡೆದು ನೆಟ್ಟು ಹೋದ ಬೆರಳುದ್ದದ ಸಸಿಗಳು ಈಗ ನನ್ನ ಎದೆಮಟ್ಟ ಬಂದಿವೆ. ಆಸರೆಗೆ ನೆಟ್ಟ ಕೋಲುಗಳೇ ಗಿಡವನ್ನು ಹಿಡಿದುಕೊಂಡು ನಿಂತಿವೆಯೇನೋ ಅನ್ನಿಸುತ್ತದೆ. ಎಲೆ ಕಡುಹಸಿರು. ಹೂವು ಬಂತು, ಕಾಯಿ ಕಚ್ಚಿತು, ದಪ್ಪವಾಯಿತು. ಬಟ್ಟೆ ಒಣಗಿಸಲು ಮಹಡಿಗೆ ಬರುವ ಕೆಳಮನೆಯ ಟೀಚರಮ್ಮ "ಎಲ್ಲಾ ನೀರಣ್ಣನ ಕೈಗುಣ" ಎಂದರು. ನಾನು ಹಿಗ್ಗಿದೆ. ಹಿಗ್ಗಬಾರದಿತ್ತು. ಮೊದಲ ಹಣ್ಣು ಕೆಂಪಾದ ದಿನ ಅದನ್ನು ಜೋಪಾನವಾಗಿ ಕಿತ್ತು ತಿರುಗಿಸಿ ನೋಡುತ್ತೇನೆ, ತಳ ಕರ್ರಗಿದೆ. ಹೂವು ಉದುರಿದ ಜಾಗ, ತೊಟ್ಟಿಗೆ ನೇರ ಎದುರಿನ ತುದಿ, ಅಷ್ಟು ಮಾತ್ರ ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಒಣಗಿ ಒಳಕ್ಕೆ ಕುಸಿದಿತ್ತು. ಮೇಲಿನಿಂದ ನೋಡಿದರೆ ಬುಟ್ಟಿಯಲ್ಲಿಟ್ಟು ಮಾರಬಹುದು, ಕೆಳಗಿನಿಂದ ನೋಡಿದರೆ ಎಸೆಯಬೇಕು. ಎರಡನೆಯದೂ ಹಾಗೇ. ನಿನ್ನ ಗಂಡ ಗಡ್ಡ ಕೆರೆದುಕೊಳ್ಳುವ ಕನ್ನಡಿ ತಂದು ಹಸಿರು ಕಾಯಿಗಳ ಕೆಳಗೆ ಹಿಡಿದು ನೋಡಿದೆ. ಅರ್ಧಕ್ಕರ್ಧ ಕಾಯಿಗಳ ತಳದಲ್ಲಿ ನೀರು ನಿಂತಂಥ ಕಂದು ಕಲೆ. ಹುಳ ಇಲ್ಲ, ತೂತಿಲ್ಲ, ಕೆಟ್ಟ ವಾಸನೆಯೂ ಇಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ಗೊತ್ತಾಗಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಕಾಗೆಯ ಬಾಯಿಗೂ ಹೋಗಲಿಲ್ಲ. ಕಿತ್ತು ಗೋಡೆಯ ಮೇಲಿಟ್ಟರೆ ಕಾಗೆ ಬಂದು, ಕೊಕ್ಕಿನಿಂದ ತಿರುಗಿಸಿ ನೋಡಿ, ಹಾರಿಹೋಯಿತು.

ಸಲಹೆ ಕೊಡುವವರಿಗೆ ಯಾವ ಕಾಲದಲ್ಲೂ ಬರವಿಲ್ಲ. ನರ್ಸರಿಯವನ ಹತ್ತಿರ ಒಂದು ಕಾಯಿ ತೆಗೆದುಕೊಂಡು ಹೋದೆ. ಅವನು ಮುಟ್ಟದೆಯೇ "ಸುಣ್ಣದಂಶ ಕಮ್ಮಿ ಯಜಮಾನ್ರೇ, ಮೂಳೆಗೆ ಬೇಕಲ್ಲ, ಅದೇ ಟೊಮೇಟೊಗೂ ಬೇಕು" ಎಂದು ಒಂದು ಸೀಸೆ ಕೊಟ್ಟ. ಎಲೆಗೆ ಸಿಂಪಡಿಸಿದೆ. ಎಲೆ ಮಿನುಗಿತು, ಕಾಯಿ ಕೊಳೆಯುತ್ತಲೇ ಇತ್ತು. ಆಮೇಲೆ ಮೊಟ್ಟೆಚಿಪ್ಪು. ದಿನಾ ಬೆಳಗ್ಗೆ ಮೊಟ್ಟೆ ತಿಂದು ತಿಂದು ಸುಣ್ಣದಂಶ ಗಿಡಕ್ಕಿಂತ ನನಗೇ ಜಾಸ್ತಿಯಾಗಿರಬೇಕು. ಚಿಪ್ಪುಗಳನ್ನು ನಿನ್ನ ಮಿಕ್ಸಿಯಲ್ಲೇ ಪುಡಿ ಮಾಡಿದೆ, ಬೈಯಬೇಡ, ತೊಳೆದಿಟ್ಟಿದ್ದೇನೆ. ಬ್ಲೇಡಿನ ಸದ್ದು ಮಾತ್ರ ಸ್ವಲ್ಪ ಬದಲಾಗಿದೆ. ಅದೂ ಸಾಲದೆ ಟೀಚರಮ್ಮ ತಾವು ನಿವೃತ್ತಿಯಾಗುವಾಗ ತಂದಿಟ್ಟುಕೊಂಡಿದ್ದ ಸೀಮೆಸುಣ್ಣದ ಡಬ್ಬ ಕೊಟ್ಟರು. ಒಂದೊಂದು ಬಕೆಟ್ಟಿನ ಸುತ್ತಲೂ ಸೀಮೆಸುಣ್ಣ ನೆಟ್ಟೆ, ಬೇಲಿಯ ಹಾಗೆ. ಹೀಗೆ ನೆಡುವಾಗ ಮಣ್ಣಿನೊಳಗೆ ಬೆರಳಿಗೆ ಬಿಳಿಬಿಳಿ ಗುಂಡುಗಳು ಸಿಕ್ಕವು. ಹುಳದ ಮೊಟ್ಟೆ ಅಂದುಕೊಂಡೆ. ಹಿಸುಕಿದರೆ ಪುಡಿಯಾಯಿತು. ಒರೆಸಿ ನಾಲಿಗೆಗೆ ತಾಗಿಸಿ ನೋಡಿದೆ, ಮಂಡಿನೋವಿಗೆ ನಿನ್ನ ಗಂಡ ನನಗೆ ಕೊಡುವ ಅದೇ ಸುಣ್ಣದಂಶದ ಮಾತ್ರೆ. ಅಪ್ಪನಿಗೆ ಊಟವಾದ ಮೇಲೆ ಒಂದು, ಗಿಡದ ಬುಡಕ್ಕೆ ನಾಲ್ಕು. ಅವನೂ ಮಹಡಿ ಹತ್ತುತ್ತಾನೆ ಎಂಬುದು ನನಗೆ ಗೊತ್ತಾದದ್ದು ಆವತ್ತು. ಬರೀ ಮಾತ್ರೆ ಹೂಳಲು ಬರುತ್ತಾನೆ ಎಂದುಕೊಂಡೆ.

ಅವನು ಮಾತ್ರೆ ಕೊಟ್ಟ ಮೇಲೆ ನಾನು ಸುಮ್ಮನಿರಲಾಗುತ್ತದೆಯೇ? ನೀನು ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಕೆಲಸಕ್ಕಿದ್ದಾಗ ಮನೆಯಲ್ಲಿ ಅಭ್ಯಾಸ ಮಾಡಲು ತಂದಿದ್ದ ಪ್ಲಾಸ್ಟರ್ ಪುಡಿಯ ಡಬ್ಬ ಮಂಚದ ಕೆಳಗಿತ್ತು. ಇದು ಜಿಪ್ಸಮ್ಮನ್ನು ಸುಟ್ಟು ಮಾಡಿದ ಪುಡಿ ಎಂದು ನೀನೇ ಒಮ್ಮೆ ಹೇಳಿದ್ದೆ. ನರ್ಸರಿಯವನ ಅಂಗಡಿಯಲ್ಲಿ ಜಿಪ್ಸಮ್ ಎಂದು ಬರೆದ ಚೀಲ ನೋಡಿದ್ದೆ. ಎರಡೂ ಒಂದೇ ಎಂದು ಲೆಕ್ಕ ಹಾಕಿ, ಡಬ್ಬ ಬರಿದಾಗುವವರೆಗೆ ಎಲ್ಲ ಬಕೆಟ್ಟಿಗೂ ಧಾರಾಳವಾಗಿ ಉದುರಿಸಿ, ಮೇಲೆ ನೀರು ಹಾಕಿ, ಕೆಳಗಿಳಿದು ಬಂದು ನೆಮ್ಮದಿಯಾಗಿ ಒಂದು ನಿದ್ದೆ ತೆಗೆದೆ. ಎದ್ದು ಹೋಗಿ ನೋಡಿದರೆ ಕಾಲು ಮುರಿದವರಿಗೆ ಕಟ್ಟುವ ಹಾಗೆ ಎಲ್ಲ ಗಿಡಗಳ ಬುಡಕ್ಕೂ ಬಿಳಿ ಕಟ್ಟು ಬಿದ್ದಿತ್ತು. ಬೆರಳಿನಿಂದ ಬಡಿದರೆ ಟಣ್ ಅನ್ನುತ್ತದೆ. ನೀರು ಹಾಕಿದರೆ ಒಳಗಿಳಿಯದೆ ಅಂಚಿನಿಂದ ಹರಿದುಹೋಗುತ್ತದೆ. ಬಟ್ಟೆ ತೆಗೆಯಲು ಬಂದ ಟೀಚರಮ್ಮ "ಕಟ್ಟು ಬಿಚ್ಚೋದು ಯಾವಾಗ ನೀರಣ್ಣ, ಎಕ್ಸ್‌ರೇ ಆಯ್ತಾ?" ಎಂದರು. ಸ್ಕ್ರೂಡ್ರೈವರು ಸುತ್ತಿಗೆ ತಂದು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚೂರು ಕಿತ್ತೆ, ಒಂದಿಷ್ಟು ಬೇರೂ ಕಿತ್ತುಬಂತು. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತಮ್ಮ. ಎರಡು ಟೊಮೇಟೊ ಬೆಳೆಯಲಾಗದ ಮೇಲೆ ಈ ಕೈ ಇದ್ದೇನು ಪ್ರಯೋಜನ ಅನ್ನಿಸಿತು.

ಈಗ ನಾವಿಬ್ಬರೂ ಮಾತು ಬಿಟ್ಟ ಕತೆ. ನಿನಗೆ ಸೀಟು ಸಿಕ್ಕಿದೆ ಎಂಬ ಕಾಗದ ಬಂದಾಗ ನೀನು ಇಬ್ಬರ ಮುಖವನ್ನೂ ನೋಡಿದೆ. ನಾನು "ಹೋಗಿ ಬಾ, ನಾವಿಬ್ಬರು ಗಂಡಸರು, ನಾಲ್ಕು ಕೈ ಇದೆ" ಎಂದೆ. ಅವನು ಗೋಡೆ ನೋಡುತ್ತಾ ಕೂತಿದ್ದ. ನೀನು ಬಸ್ಸು ಹತ್ತಿದ ಮರುದಿನ ಅವನು ಅಂಗಡಿಗೆ ಹೊರಡುವಾಗ ಇಸ್ತ್ರಿ ಪೆಟ್ಟಿಗೆಯಿಂದ ಅಂಗಿಯ ಕಾಲರು ಸುಟ್ಟುಕೊಂಡ. ಸುಟ್ಟ ಅಂಗಿಯನ್ನು ಎತ್ತಿ ಹಿಡಿದು "ಅವಳನ್ನ ಕಳಿಸಿದ್ದು ನೀವು. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?" ಎಂದ. ನಾನು ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. "ಕೇಳಿದಾಗ ಬಾಯಲ್ಲಿ ಕಡುಬು ಇಟ್ಕೊಂಡಿದ್ದೆಯಾ? ಹೆಂಡ್ತಿ ನಾಲ್ಕು ಅಕ್ಷರ ಕಲಿತರೆ ನಿನಗ್ಯಾಕೆ ಹೊಟ್ಟೆನೋವು?" ಎಂದುಬಿಟ್ಟೆ. ಹೊಟ್ಟೆನೋವಿನ ಮಾತು ಅವನಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವತ್ತಿನಿಂದ ಮನೆಯಲ್ಲಿ ಕುಕ್ಕರು ಕೂಗುತ್ತದೆ, ನಲ್ಲಿ ಸೋರುತ್ತದೆ, ಮನುಷ್ಯರು ಮಾತ್ರ ಮಾತಾಡುವುದಿಲ್ಲ. ಟಿವಿಯಲ್ಲಿ ಹವಾಮಾನ ಹೇಳುವ ಹುಡುಗಿಯೇ ನಮ್ಮಿಬ್ಬರ ಜೊತೆ ಹೆಚ್ಚು ಮಾತಾಡಿದವಳು. ನಿನ್ನ ಅತ್ತೆ ಇದ್ದಿದ್ದರೆ ಇಬ್ಬರ ತಲೆಗೂ ಸೌಟಿನಿಂದ ಕುಟ್ಟಿ, ಒಂದೇ ತಟ್ಟೆಯಲ್ಲಿ ಊಟಕ್ಕೆ ಕೂರಿಸುತ್ತಿದ್ದಳು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಹಾಗೆಂದವನು ಟೊಮೇಟೊ ಬೆಳೆದವನಲ್ಲ.

ಹಾಗೆ ಯಾಕೆ ಅನ್ನುತ್ತೇನೆ ಕೇಳು. ನೀರಿನ ವಿಷಯದಲ್ಲಿ ನನಗೆ ಹೇಳಿಕೊಡುವವರು ಯಾರೂ ಇಲ್ಲ ಎಂಬ ಜಂಬ ನನ್ನದು. ಎದೆಯುದ್ದದ ಕಬ್ಬಿಣದ ಕೀಲಿ ಹೆಗಲಿಗೇರಿಸಿಕೊಂಡು, ಬೀದಿಬೀದಿಯ ಗುಂಡಿಯ ಮುಚ್ಚಳ ಸರಿಸಿ, ವಾಲ್ವು ತಿರುಗಿಸಿ ಜನಕ್ಕೆ ನೀರು ಬಿಟ್ಟೇ ಆಯುಸ್ಸು ಸವೆಸಿದವನು. ನೀರಣ್ಣ ಎಂಬ ಹೆಸರು ಪುಕ್ಕಟೆ ಬಂದದ್ದಲ್ಲ. ನಮ್ಮ ಇಲಾಖೆಯ ಕ್ರಮ ಒಂದು ದಿನ ಬಿಟ್ಟು ಒಂದು ದಿನ, ಬಿಟ್ಟ ದಿನ ಭರ್ತಿ. ದಿನಾ ಕೊಟ್ಟರೆ ಜನಕ್ಕೆ ನೀರಿನ ಬೆಲೆ ಗೊತ್ತಾಗುವುದಿಲ್ಲ ಎಂದು ದೊಡ್ಡವರು ಹೇಳುತ್ತಿದ್ದರು. ನಿನ್ನ ಗಿಡಗಳಿಗೂ ಅದೇ ಕ್ರಮ ಹಾಕಿದೆ. ಒಂದು ದಿನ ಬಕೆಟ್ಟು ತುಂಬಿ ಹರಿಯುವಷ್ಟು, ಮರುದಿನ ಏನೂ ಇಲ್ಲ. ಜನಕ್ಕಾದರೆ ತುಂಬಿಟ್ಟುಕೊಳ್ಳಲು ಡ್ರಮ್ಮು ಇರುತ್ತದೆ, ಗಿಡಕ್ಕೆ ಎಲ್ಲಿದೆ? ಅದು ನನ್ನ ತಲೆಗೆ ಹೊಳೆಯಲಿಲ್ಲ. ಆಮೇಲೆ ನನ್ನ ಸರದಿಯ ದಿನ ಹೋಗಿ ನೋಡಿದರೆ ಒಮ್ಮೊಮ್ಮೆ ಮಣ್ಣು ಆಗಲೇ ಒದ್ದೆ. ಟೀಚರಮ್ಮ ಬಟ್ಟೆ ಹಿಂಡಿದ ನೀರು ಚೆಲ್ಲುತ್ತಿದ್ದಾರೆ ಎಂದು ಅನುಮಾನಿಸಿ, ಅವರಿಗೆ ಕೇಳುವ ಹಾಗೆ ಗೋಡೆಗೆ ಬೈದೆ. ಪಾಪ, ಅವರು ಒಂದು ವಾರ ಬಟ್ಟೆಯನ್ನು ಮನೆಯೊಳಗೇ ಒಣಗಿಸಿಕೊಂಡರು. ಮಣ್ಣಲ್ಲಿ ಮಾತ್ರೆ ಸಿಕ್ಕಿ, ಪ್ಲಾಸ್ಟರ್ ಕಿತ್ತು ಕೈ ಬೊಬ್ಬೆ ಬಂದ ಮೇಲೆ ನನಗೆ ರೇಗಿತು. ಅಷ್ಟು ಕಾಳಜಿ ಇರುವವನು ಅವನೇ ನೀರೂ ಹಾಕಿಕೊಳ್ಳಲಿ ಎಂದು ಮೇಲೆ ಹತ್ತುವುದನ್ನೇ ಬಿಟ್ಟೆ. ಆ ದಿನಗಳಲ್ಲಿ ಬಿಸಿಲು ಹೇಗಿತ್ತೆಂದರೆ ಮಹಡಿಯ ಮೇಲೆ ಚಪ್ಪಲಿ ಬಿಟ್ಟರೆ ಮತ್ತೆ ಹಾಕಿಕೊಳ್ಳಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಒಂದು ಮಧ್ಯಾಹ್ನ ನನ್ನ ಮನಸ್ಸೇ ನನ್ನನ್ನು ಚುಚ್ಚಿತು. ನಿನ್ನ ಗಿಡ, ನನ್ನ ಹಟಕ್ಕೆ ಯಾಕೆ ಸಾಯಬೇಕು ಎಂದು ಪೈಪು ಹಿಡಿದು ಮೇಲೆ ಹೋದೆ. ಎಲೆಗಳೆಲ್ಲ ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದವು. ನೀರು ಬಿಡುತ್ತಿರುವಾಗ ಮೆಟ್ಟಿಲಲ್ಲಿ ಧಡಧಡ ಸದ್ದಾಯಿತು. ತಿರುಗಿ ನೋಡಿದರೆ ನಿನ್ನ ಗಂಡ, ಎರಡೂ ಕೈಯಲ್ಲಿ ಬಕೆಟ್ಟು, ಅಂಗಡಿಯ ಬಿಳಿ ಕೋಟು ಇನ್ನೂ ಬಿಚ್ಚಿಲ್ಲ, ಅರ್ಧ ನೀರು ಪ್ಯಾಂಟಿನ ಮೇಲೆ. ಇಷ್ಟು ವಾರಗಳ ನಂತರ ಅವನ ಬಾಯಿಂದ ಬಂದ ಮೊದಲ ಮಾತು, "ನೀರು ನೀವು ಹಾಕ್ತಿದ್ರಾ?" ನನಗೆ ಎಲ್ಲಿತ್ತೋ ಸಿಟ್ಟು, "ಮತ್ಯಾರು, ನಿಮ್ಮಪ್ಪ ಹಾಕ್ತಾನಾ?" ಎಂದೆ. ಅಂದ ಮೇಲೆ ಅವರಪ್ಪ ನಾನೇ ಎಂದು ನೆನಪಾಯಿತು. ಅವನಿಗೆ ನಗು ಬಂತು, ನುಂಗಿಕೊಂಡ. ಆಮೇಲೆ ಶುರುವಾಯಿತು ನೋಡು. ಗಿಡಕ್ಕೆ ನೀರು ಹಾಕಲು ನಿನಗೆ ಯಾರು ಹೇಳಿದರು ಎಂದು ನಾನು, ನಿಮಗೆ ಯಾರು ಹೇಳಿದರು ಎಂದು ಅವನು. ಆಗ ಹೊರಬಿತ್ತು ನಿನ್ನ ಜಾಣತನ. ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಪಕ್ಕಕ್ಕೆ ಕರೆದು "ಗಿಡ ನಿಮ್ಮ ಕೈಲಿ ಮಾವ, ಇವರನ್ನ ನಂಬಬೇಡಿ, ಮರೀತಾರೆ" ಎಂದಿದ್ದೆ. ಅವನನ್ನು ಪಕ್ಕಕ್ಕೆ ಕರೆದು "ಗಿಡ ನಿಮ್ಮ ಕೈಲಿ, ಮಾವನ್ನ ಹತ್ತಿಸಬೇಡಿ, ಮಂಡಿ ನೋವು" ಎಂದಿದ್ದೆಯಂತೆ. ಇಬ್ಬರ ಮೇಲಿನ ಪ್ರೀತಿಯಿಂದಲೇ ಹೇಳಿದ್ದು, ಗೊತ್ತು. ಆದರೆ ಪರಿಣಾಮ ಏನಾಯಿತು? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಾನು ಹಾಕಿದ ದಿನವೇ ಅವನೂ ಹಾಕಿ ಬೇರು ಮುಳುಗುವುದು, ನಾನು ಬಿಟ್ಟ ದಿನ ಅವನೂ ಬಿಟ್ಟು ಮಣ್ಣು ಬಿರಿಯುವುದು. ಎಷ್ಟೊಂದು ವಾರ ಹೀಗೇ ನಡೆದಿದೆ. ಕೆಳಗೆ ಒಂದು ಸಲ, ಒಂದೇ ಒಂದು ಸಲ, "ನೀರಾಯ್ತಾ" ಎಂದು ಕೇಳಿದ್ದರೆ ಸಾಕಿತ್ತು.

ಗಿಡದ ಜಗಳ ಅಲ್ಲಿಗೇ ನಿಲ್ಲಲಿಲ್ಲ, ನಿನ್ನ ಹತ್ತಿರ ಬಂತು. ಅವಳನ್ನು ಕಳಿಸಿದ್ದು ನೀವು ಎಂದು ಮತ್ತೆ ಅಂದ. ಹೌದು, ಮತ್ತೆ ಕಳಿಸಬೇಕಾದರೂ ಕಳಿಸುತ್ತೇನೆ ಎಂದು ನಾನೂ ಅಂದೆ. ಟೀಚರಮ್ಮ ಗಾಬರಿಯಿಂದ ಮೇಲೆ ಬಂದು, ನಮ್ಮನ್ನು ನೋಡಿ, ಬಟ್ಟೆ ಇಲ್ಲದ ಹಗ್ಗದಿಂದ ಕ್ಲಿಪ್ಪು ಕಿತ್ತುಕೊಳ್ಳುವ ನಾಟಕ ಮಾಡಿ ಇಳಿದುಹೋದರು. ಕೂಗಿ ಕೂಗಿ ಇಬ್ಬರಿಗೂ ಗಂಟಲು ಕಟ್ಟಿತು. ನಿನ್ನ ಗಂಡ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತ. ನೆಲ ನೋಡುತ್ತಾ, ನನಗೆ ಕೇಳಿಸಿದರೆ ಕೇಳಿಸಲಿ ಬಿಟ್ಟರೆ ಬಿಡಲಿ ಎನ್ನುವ ದನಿಯಲ್ಲಿ, "ಅವಳು ಕಲ್ತು ಬರಬೇಕಪ್ಪ. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ. ಆದ್ರೆ ಕ್ಲಾಸು, ವರ್ಕ್‌ಶಾಪು, ಊಟ, ಓದು ಎಲ್ಲಾ ಮುಗಿಸಿ ಕೊನೇಗೆ ನನಗೆ ಫೋನು ಮಾಡ್ತಾಳೆ. ಅಷ್ಟೊತ್ತಿಗೆ ಅವಳ ದನೀಲಿ ಏನೂ ಉಳಿದಿರಲ್ಲ. ಸುಸ್ತಾಗಿದ್ದಾಳೆ, ಯಾಕೆ ಮಾತಾಡಿಸೋದು ಅಂತ ನಾನು ಇಡ್ತೀನಿ ಅಂತೀನಿ. ಅವಳೂ ಸರಿ ಅಂತಾಳೆ" ಎಂದ. ನನ್ನ ಮಂದ ಕಿವಿಗೆ ಒಂದೊಂದು ಅಕ್ಷರವೂ ಕೇಳಿಸಿತು. ಹೊಟ್ಟೆನೋವು ಎಂದು ನಾನು ಅಂದಿದ್ದೆನಲ್ಲ, ಆ ಮಾತನ್ನು ವಾಪಸು ತೆಗೆದುಕೊಳ್ಳುವ ದಾರಿ ಗೊತ್ತಾಗದೆ, "ಮಾತ್ರೆ ಹೂಳಿದ್ದು ಒಳ್ಳೇ ಯೋಚನೆ" ಎಂದೆ. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರಲಿಲ್ಲ.

ಮಾತು ತಪ್ಪಿಸಲು ನೀರಿನ ಟ್ಯಾಂಕಿನ ಕಡೆ ನಡೆದೆ. ಟ್ಯಾಂಕಿನ ಜಾಯಿಂಟು ಸೋರುವುದು ನಿನಗೆ ಗೊತ್ತಲ್ಲ, ನೀನು ಹೋಗುವ ಮೊದಲೇ ಸರಿಮಾಡುತ್ತೇನೆ ಎಂದಿದ್ದೆ, ಮಾಡಿರಲಿಲ್ಲ. ಅದರ ಕೆಳಗೆ ನೀನು ಉಳಿದ ಸಣಕಲು ಸಸಿಯನ್ನು ಒಡಕು ಬಕೆಟ್ಟಿಗೆ ಸಿಕ್ಕಿಸಿ ತಳ್ಳಿ ಹೋಗಿದ್ದೆ. ಅದನ್ನು ನಾವು ಯಾರೂ ಗಿಡ ಎಂದು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದಕ್ಕೆ ಮೊಟ್ಟೆಚಿಪ್ಪಿಲ್ಲ, ಸೀಮೆಸುಣ್ಣವಿಲ್ಲ, ಮಾತ್ರೆಯಿಲ್ಲ, ಪ್ಲಾಸ್ಟರಿಲ್ಲ. ಸೋರುವ ಜಾಯಿಂಟಿನಿಂದ ದಿನವಿಡೀ ತೊಟ್ಟು ತೊಟ್ಟು ನೀರು ಬೀಳುತ್ತದೆ, ಅಷ್ಟೇ. ಕಾಯಿ ಕಡಿಮೆ, ಆದರೆ ಬಗ್ಗಿ ಒಂದೊಂದರ ತಳ ಮುಟ್ಟಿ ನೋಡಿದೆ, ಒಂದರಲ್ಲೂ ಕಲೆಯಿಲ್ಲ. ನಾನು ಅಲ್ಲೇ ಕೂತುಬಿಟ್ಟೆ. ನನ್ನ ಕೆಲಸದ ದಿನಗಳಲ್ಲಿ ಒಂದು ಇಳಿಜಾರಿನ ಬೀದಿಯ ಕೊನೆಗೆ ಒಂದು ಮನೆಯಿತ್ತು. ಪೈಪು ಅಲ್ಲಿಗೆ ಮುಗಿಯುತ್ತದೆ, ತುದಿಮನೆ ಎನ್ನುತ್ತಿದ್ದೆವು. ನೀರು ಒಮ್ಮೆ ಜೋರಾಗಿ ಬಿಟ್ಟು ಒಮ್ಮೆ ನಿಲ್ಲಿಸಿದರೆ ಮೇಲಿನ ಮನೆಗಳು ಡ್ರಮ್ಮು ತುಂಬಿಕೊಳ್ಳುತ್ತವೆ, ತುದಿಮನೆಯ ನಲ್ಲಿ ಬುಸ್ಸೆಂದು ಗಾಳಿ ಬಿಡುತ್ತದೆ. ಆ ಮನೆಯಾಕೆ ಖಾಲಿ ಕೊಡ ಹಿಡಿದು ಬಂದು ನಿಲ್ಲುತ್ತಿದ್ದಳು. ಒಂದು ದಿನವೂ ಬೈದವಳಲ್ಲ. "ಟ್ಯಾಂಕ್ ತುಂಬಿದೆ ಅಂತೀರಿ, ನಮ್ಮ ನಲ್ಲಿಗೂ ಅದು ಗೊತ್ತಾಗಬೇಡ್ವಾ ಅಣ್ಣಾ?" ಎನ್ನುತ್ತಿದ್ದಳು. ಕೊನೆಗೆ ನಾನು ಮೇಲಿನವರ ಮಾತು ಮೀರಿ ಆ ಒಂದು ಬೀದಿಗೆ ದಿನಾ ಸ್ವಲ್ಪ ಸ್ವಲ್ಪ ಬಿಡಲು ಶುರುಮಾಡಿದ ಮೇಲೆ ಅವಳ ಕೊಡ ತುಂಬಿತು. ಟೊಮೇಟೊಗೆ ನೀರು ಬರುವುದು ತೊಟ್ಟಿನಿಂದ. ಹೂವು ಉದುರಿದ ಜಾಗ ಅದರ ತುದಿಮನೆ. ಮಣ್ಣಲ್ಲಿ ಸುಣ್ಣ ಬೇಕಾದಷ್ಟಿತ್ತು, ನಾವು ಸುರಿದದ್ದಂತೂ ಇನ್ನೊಂದು ಮನೆಗೆ ಬಳಿಯುವಷ್ಟಿತ್ತು. ಅದನ್ನು ಹೊತ್ತುಕೊಂಡು ಹೋಗುವ ನೀರು ದಿನಾ ಇರಲಿಲ್ಲ. ಇದ್ದ ಅಲ್ಪಸ್ವಲ್ಪವನ್ನು ಎಲೆ ಕುಡಿಯಿತು, ತುದಿ ಒಣಗಿತು. ಇಷ್ಟು ಗೊತ್ತಿದ್ದವನು ನಾನು, ಮನೆಯ ಮಹಡಿಯ ಮೇಲೆ ಮರೆತೆ. ಮನೆಗೆ ಮಾರಿ, ಊರಿಗೆ ಉಪಕಾರಿ.

ಈಗ ಹೊಸ ಕ್ರಮ. ನಾವು ವಾಲ್ವಿನವರು ಪಾಳಿ ಬದಲಾಗುವಾಗ ಗುಂಡಿಯ ಮುಚ್ಚಳದ ಮೇಲೆ ಒಂದು ಇಟ್ಟಿಗೆ ಇಟ್ಟು ಹೋಗುತ್ತಿದ್ದೆವು, ಮುಂದಿನವನಿಗೆ ಈ ಬೀದಿಗೆ ನೀರಾಗಿದೆ ಎಂದು ತಿಳಿಯಲು. ಅದನ್ನೇ ಇಲ್ಲೂ ಮಾಡಿದ್ದೇನೆ. ಟ್ಯಾಂಕಿನ ಹತ್ತಿರ ಕೆಂಪು ಮಗ್ಗು ಇದೆ, ಬೋರಲಾಗಿದ್ದರೆ ನೀರಾಗಿದೆ ಎಂದರ್ಥ. ಪ್ರತಿ ಬಕೆಟ್ಟಿಗೆ ದಿನಾ ಒಂದೇ ಅಳತೆಯ ನೀರು, ಮೇಲೆ ಒಣಗಿದ ಎಲೆ ಹೊದಿಸಿದ್ದೇವೆ. ಆದರೆ ನಮ್ಮ ಹಣೆಬರಹ ನೋಡು, ಮಗ್ಗು ಬೋರಲಿದ್ದರೂ ಅವನು ಕೆಳಗೆ ಬಂದು "ನೀರಾಯ್ತಾಪ್ಪ?" ಎಂದು ಕೇಳುತ್ತಾನೆ. ಕಂಡಿಲ್ಲವೇ ಎಂದು ನಾನು ರೇಗುತ್ತೇನೆ. ಮರುದಿನ ನಾನೂ ಅದನ್ನೇ ಕೇಳುತ್ತೇನೆ. ಕೊಳೆತ ಕಾಯಿಗಳನ್ನೆಲ್ಲ ಕಿತ್ತು ಎಸೆದಾಯಿತು. ಅವು ಸರಿಹೋಗುವವಲ್ಲವಂತೆ, ನರ್ಸರಿಯವನು ಈಗ ಹೇಳುತ್ತಾನೆ, ಸೀಸೆ ಕೊಡುವಾಗ ಹೇಳಲಿಲ್ಲ. ಹೊಸದಾಗಿ ಕಚ್ಚಿದ ಗೋಲಿಗಾತ್ರದ ಕಾಯಿಗಳ ತಳ ಚೊಕ್ಕವಾಗಿದೆ. ಆದರೂ ನಾನು ನಂಬುವುದಿಲ್ಲ, ಒಮ್ಮೆ ಹಿಗ್ಗಿ ಕೆಟ್ಟಿದ್ದೇನೆ. ದಿನಾ ಕನ್ನಡಿ ಹಿಡಿದು ನೋಡುತ್ತೇನೆ. ನಿನ್ನ ಗಂಡ ಅರ್ಧ ಗಡ್ಡದಲ್ಲಿ ಕನ್ನಡಿ ಎಲ್ಲಿ ಎಂದು ಮನೆಯೆಲ್ಲ ಹುಡುಕುತ್ತಾನೆ. ಟ್ಯಾಂಕಿನ ಜಾಯಿಂಟನ್ನು ಇನ್ನೂ ಸರಿಮಾಡಿಲ್ಲ, ಈಗ ಮನಸ್ಸು ಬರುತ್ತಿಲ್ಲ.

ಟೀಚರಮ್ಮ ನಿನ್ನನ್ನು ಕೇಳಿದರೆಂದು ತಿಳಿಸಲು ಹೇಳಿದ್ದಾರೆ. ಗೋಡೆಗೆ ಬೈದದ್ದು ಅವರಿಗೇ ಎಂದು ಅವರಿಗೆ ಗೊತ್ತು, ನನಗೂ ಗೊತ್ತು, ಇಬ್ಬರೂ ಗೋಡೆಯನ್ನು ಕ್ಷಮಿಸಿದ್ದೇವೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮೆಷಿನ್ನಿನ ಮುಂದೆ ನಿದ್ದೆಗಣ್ಣಲ್ಲಿ ನಿಲ್ಲಬೇಡ. ನೀನು ಮಾಡಿದ ಮೊದಲ ಕಾಲು ಯಾರದೋ ಮನೆಯ ಬಾಗಿಲು ದಾಟಿ ನಡೆದು ಬರುವುದನ್ನು ನಾನು ಕಣ್ಣಾರೆ ನೋಡಬೇಕು. ಅಲ್ಲಿಯವರೆಗೆ ಈ ಮಂಡಿಗಳು ಹೇಗೋ ತಾಳಿಕೊಳ್ಳುತ್ತವೆ.

ನಿನಗೆ ಸದಾ ಒಳ್ಳೆಯದನ್ನೇ ಬಯಸುವ,
ನಿನ್ನ ಮಾವ

ತಾ.ಕ.: ಕವರಿಗೆ ಅಂಟು ಹಚ್ಚುವಾಗ ನೆನಪಾಯಿತು, ನಿನ್ನ ಪ್ರಶ್ನೆಗೆ ಉತ್ತರ ಬರೆದೇ ಇಲ್ಲ. ಬಿಟ್ಟು ಬರಬೇಡ. ಹೀಗೆ ಬರೆಯಲು ನನಗೆ ಕೈ ಬರುವುದಿಲ್ಲ, ನೀನಿಲ್ಲದೆ ಮನೆ ಬಿಕೋ ಅನ್ನುತ್ತದೆ, ಆದರೂ ಬರೆದಿದ್ದೇನೆ, ಪೂರ್ತಿ ಕಲಿತೇ ಬಾ. ನಿನ್ನ ಕಾಗದವನ್ನು ಅವನಿಗೆ ತೋರಿಸಿಲ್ಲ. ತೋರಿಸುವ ಮೊದಲೇ ಇವತ್ತು ಬೆಳಗ್ಗೆ ಮಗ್ಗು ಬೋರಲು ಹಾಕುತ್ತಾ "ಶನಿವಾರ ರಜ ಹಾಕಿದ್ದೀನಿ, ಅವಳನ್ನ ನೋಡ್ಕೊಂಡು ಬರ್ತೀನಿ, ಹೇಳಬೇಡಿ" ಎಂದ. ಆದ್ದರಿಂದ ಹಾಸ್ಟೆಲ್ ಗೇಟಿನಲ್ಲಿ ಅವನನ್ನು ನೋಡಿ ಬೆಚ್ಚಿಬೀಳಲು ಈಗಿನಿಂದಲೇ ಅಭ್ಯಾಸ ಮಾಡಿಕೋ. ಅವನ ಚೀಲದಲ್ಲಿ ಪೇಪರು ಸುತ್ತಿದ ಒಂದೇ ಒಂದು ಟೊಮೇಟೊ ಇರುತ್ತದೆ, ಟ್ಯಾಂಕಿನ ಕೆಳಗಿನ ಗಿಡದ್ದು. ಇನ್ನೂ ಅರ್ಧ ಕೆಂಪು, ದಾರಿಯಲ್ಲಿ ಹಣ್ಣಾಗುತ್ತದೆ. "ಅಪ್ಪ ಕಳಿಸಿದ್ರು" ಅನ್ನುತ್ತಾನೆ, ಸುಳ್ಳು, ಅದನ್ನು ಮುಟ್ಟಲೂ ನನ್ನನ್ನು ಬಿಟ್ಟಿಲ್ಲ. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೀನಿ ಅನ್ನುತ್ತಾನೆ. ಅಷ್ಟಕ್ಕೇ ಬಿಡಬೇಡ ಮಗಳೇ, ಇನ್ನೊಂದು ಸಲ ಕೇಳು.